ದ್ರಾಕ್ಷಾಮದ್ಯದ ಶೀತಕಪೆಟ್ಟಿಗೆ
ಬಸವಕಲ್ಯಾಣ, ಹುಮನಾಬಾದುಗಳಲ್ಲಿ ಬೇಸಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮುಟ್ಟುವುದುಂಟು. ಅಲ್ಲಿನ ಮನೆಗೆ ದ್ರಾಕ್ಷಾಮದ್ಯದ ಶೀತಕವನ್ನು ಕೊಳ್ಳುವವರು, ಅದು ಶಾಖವನ್ನು ಹೊರದೂಡುವ ಬಗೆಯನ್ನು ಮೊದಲು ವಿಚಾರಿಸಬೇಕು.

ಕೆಲವು ಶೀತಕಗಳಲ್ಲಿ ಕಂಪ್ರೆಸರ್ ಇರುವುದಿಲ್ಲ. ಎರಡು ಬಗೆಯ ವಾಹಕಗಳನ್ನು ಬೆಸೆದು ವಿದ್ಯುತ್ತನ್ನು ಹರಿಯಿಸಿದರೆ ಒಂದು ಸಂಧಿ ತಣಿದು ಇನ್ನೊಂದು ಕಾಯುತ್ತದೆ. 1834ರಲ್ಲಿ ಪೆಲ್ಟಿಯೆ ಕಂಡ ಈ ಪರಿಣಾಮವೇ ಅವುಗಳಿಗೆ ಆಧಾರ. ಸದ್ದಿಲ್ಲ, ನಿಜ. ಆದರೆ ಕಾದ ಸಂಧಿಯು ತನ್ನ ಶಾಖವನ್ನು ಕೋಣೆಯ ಗಾಳಿಗೇ ಒಪ್ಪಿಸಬೇಕಷ್ಟೆ? ಆದುದರಿಂದ ಪೆಟ್ಟಿಗೆಯ ಒಳಗು ಸಾಮಾನ್ಯವಾಗಿ ಕೋಣೆಗಿಂತ ಸುಮಾರು 20 ಡಿಗ್ರಿ ಮಾತ್ರ ತಂಪಾಗುತ್ತದೆ. 40ರಲ್ಲಿ 20 ಕಳೆಯಿರಿ. ಮದ್ಯಕ್ಕೆ ಬೇಕಾದುದು 12ರ ಆಸುಪಾಸು! ಇದರಲ್ಲಿ ಇನ್ಸುಲಿನ್ನನ್ನು ಇಡುವುದಂತೂ ಅಪಾಯ. ಅದಕ್ಕೆ 2ರಿಂದ 8 ಡಿಗ್ರಿ ಬೇಕು.

ನಾವು ಕಂಪ್ರೆಸರ್ ಉಳ್ಳದ್ದನ್ನೇ ಆರಿಸುತ್ತೇವೆ. ಅದರ ತಗಡಿನ ಮೇಲೆ ಹವಾಗುಣದ ಗುರುತನ್ನು ನೋಡಿರಿ: ‘ಎನ್’ ಇದ್ದರೆ 32 ಡಿಗ್ರಿಯ ಕೋಣೆಯವರೆಗೆ, ‘ಟಿ’ ಇದ್ದರೆ 43ರವರೆಗೆ.