ಹೆರಿಗೆ ರಜೆಯನ್ನು ಗಂಡನಿಗೂ ಹಂಚಬಹುದೇ?

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ನಮ್ಮ ಮನೆಯವರು ಹಂಪಿ ಬಜಾರಿನಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಕಾಯಂ ನೌಕರರು. ನನ್ನದು ಚೊಚ್ಚಲ ಹೆರಿಗೆ. ನನ್ನ ಆರು ತಿಂಗಳ ರಜೆಯಲ್ಲಿ ಒಂದೆರಡು ತಿಂಗಳು ಅವರಿಗೆ ಕೊಡಲು ಬರುತ್ತದೆಯೇ? ‘ಹಡೆದಾಕಿ ಆಕಿ, ರಜಾ ನಿನಗ್ಯಾಕ?’ ಎಂದು ಬಂಧುಗಳು ಅವರನ್ನು ಕೇಳುತ್ತಾರೆ.
– ಓದುಗರೊಬ್ಬರು, ಹೊಸಪೇಟೆ

ಉತ್ತರ:  ನಿಮ್ಮ ಪ್ರಶ್ನೆಯಲ್ಲಿ ಎರಡು ಸಂದೇಹಗಳಿವೆ: ನಿಯಮ ಏನು ಹೇಳುತ್ತದೆ, ತಂದೆಗೆ ರಜೆ ಬೇಕೇ. ಒಂದೊಂದಾಗಿ ನೋಡೋಣ.

ಮೊದಲು ನಿಯಮ. ನಿಮ್ಮ 180 ದಿನಗಳ ಹೆರಿಗೆ ರಜೆ ನಿಮ್ಮದು ಮಾತ್ರ. ಅದರಲ್ಲಿ ಒಂದು ದಿನವನ್ನೂ ಪತಿಗೆ ವರ್ಗಾಯಿಸಲು ಬರುವುದಿಲ್ಲ. ಆದರೆ ಅವರಿಗೆ ಪ್ರತ್ಯೇಕವಾಗಿ 15 ದಿನಗಳ ಪಿತೃತ್ವ ರಜೆ ಇದೆ. ಕೇಂದ್ರ ನೌಕರರಿಗೆ ಇದು 1997ರಿಂದ ಸಿಗುತ್ತಿದೆ. ಎರಡಕ್ಕಿಂತ ಕಡಿಮೆ ಮಕ್ಕಳಿರುವವರು ಇದನ್ನು ಪಡೆಯಬಹುದು.

ಇಲ್ಲಿ ಅನೇಕರಿಗೆ ಒಂದು ಗೊಂದಲವಾಗುತ್ತದೆ, ಅದು ಸಹಜವೂ ಹೌದು: ಗಂಡ ರಜೆ ಹಾಕಿದರೆ ಹೆಂಡತಿಯ ರಜೆ ಕಡಿತವಾಗುತ್ತದೆಯೇ? ಇಲ್ಲ. ಇವು ಬೇರೆ ಬೇರೆ ಲೆಕ್ಕ. ಅವರು ರಜೆ ಪಡೆದರೂ ಬಿಟ್ಟರೂ ನಿಮ್ಮ 180 ದಿನ ಹಾಗೇ ಇರುತ್ತದೆ.

ನೀವು ಕೇಳಿದಂತೆ ದಂಪತಿ ರಜೆ ಹಂಚಿಕೊಳ್ಳುವ ಪದ್ಧತಿ ಸ್ವೀಡನ್ನಿನಲ್ಲಿ 1974ರಲ್ಲೇ ಬಂತು. ಆದರೆ ಹಂಚಿಕೆಯನ್ನು ದಂಪತಿಗೇ ಬಿಟ್ಟಾಗ ಬಹುಪಾಲು ರಜೆಯನ್ನು ತಾಯಂದಿರೇ ತೆಗೆದುಕೊಂಡರು. ಆದ್ದರಿಂದ 1995ರಲ್ಲಿ ಪ್ರತಿ ಪೋಷಕರಿಗೂ ಒಂದು ತಿಂಗಳು ಮೀಸಲಾಯಿತು. ಈಗ ಒಟ್ಟು 480 ದಿನಗಳಲ್ಲಿ ಒಬ್ಬೊಬ್ಬರಿಗೆ 90 ದಿನ ಮೀಸಲು. ಬಳಸದಿದ್ದರೆ ಅದು ಇನ್ನೊಬ್ಬರಿಗೆ ಸಿಗದು. ತಂದೆಗೆಂದೇ ರಜೆ ಇದ್ದರೆ ಕೇಳಲು ಸಂಕೋಚ ಕಡಿಮೆ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ಬಂಧುಗಳ ಮಾತು. ಚೊಚ್ಚಲ ಬಾಣಂತನ ತವರಿನಲ್ಲಿ ನಡೆಯುವುದು ನಮ್ಮ ರೂಢಿ. ಎರೆಯಲು, ಕಾಯಿಸಲು, ಮಗು ಎತ್ತಿಕೊಳ್ಳಲು ಅಲ್ಲಿ ಅಮ್ಮ, ಅತ್ತಿಗೆಯರು ಇರುತ್ತಾರೆ. ಹಾಗಾಗಿ ಗಂಡಸಿಗೆ ಕೆಲಸವಿಲ್ಲ ಎನಿಸುತ್ತದೆ. ನಿಜವಾದ ಕಷ್ಟ ಶುರುವಾಗುವುದು ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ತಾಯಿ–ಮಗು ತವರಿನಿಂದ ಮರಳಿದಾಗ. ಆಗ ರಾತ್ರಿ ಎದ್ದು ಮಗುವನ್ನು ಸಮಾಧಾನಪಡಿಸಲು, ಲಸಿಕೆಗೆ ಕರೆದೊಯ್ಯಲು ಇನ್ನೊಬ್ಬರು ಬೇಕೇ ಬೇಕು. ಕೇಂದ್ರದ ನಿಯಮದಂತೆ ಪಿತೃತ್ವ ರಜೆಯನ್ನು ಹೆರಿಗೆಗೆ 15 ದಿನ ಮುಂಚಿನಿಂದ ಹೆರಿಗೆಯಾದ ಆರು ತಿಂಗಳೊಳಗೆ ಪಡೆಯಬಹುದು. ಆದ್ದರಿಂದ ನೀವು ತವರಿನಿಂದ ಬರುವ ಹೊತ್ತಿಗೆ ಅದನ್ನು ಇಟ್ಟುಕೊಳ್ಳುವುದು ನನ್ನ ಸಲಹೆ. ಆರು ತಿಂಗಳು ದಾಟಿದರೆ ಅದು ಹೋದಂತೆಯೇ.

ಅಂಗಡಿ ಇಟ್ಟಿರುವ, ಆಟೊ ಓಡಿಸುವ ತಂದೆಯರಿಗೆ ಈ ಸೌಲಭ್ಯವಿಲ್ಲ. ಮನೆಯಲ್ಲಿ ಉಳಿದರೆ ಅಂದಿನ ದುಡಿಮೆಯೇ ಇಲ್ಲ. ಖಾಸಗಿ ಕಂಪನಿ ತಂದೆಗೆ ರಜೆ ಕೊಡಲೇಬೇಕೆಂಬ ಕಾನೂನೂ ನಮ್ಮಲ್ಲಿಲ್ಲ. ಅದು ಬರಬೇಕೆಂದು ಕೇಳುವ ಮೊದಲು, ಇರುವ ರಜೆಯನ್ನು ಪಡೆಯಬಲ್ಲವರು ಪಡೆಯಬೇಕು. ಹೆರುವುದು ತಾಯಿಯಿಂದ ಮಾತ್ರ ಸಾಧ್ಯ, ಸಾಕುವುದು ಇಬ್ಬರಿಂದಲೂ ಸಾಧ್ಯ ಎಂದು ಬಂಧುಗಳಿಗೆ ಹೇಳಿ. ನಿಮ್ಮ ಪತಿ ಈಗಲೇ ಕಚೇರಿಯಲ್ಲಿ ವಿಚಾರಿಸಿ, ಯಾವ ತಿಂಗಳಲ್ಲಿ ರಜೆ ಬೇಕಾಗಬಹುದೆಂದು ತಿಳಿಸಿಡಲಿ.