ಹರಿವಾಣದೊಳಗಿನ ದಾಸತ್ವ

ಕಳ್ಳಿನ ಅಂಗಡಿಗೆ ಹೋಗುವವನನ್ನು ಸಭೆಯು ಕರೆದು ಬುದ್ಧಿ ಹೇಳುವದುಂಟು. ಆದರೆ ಪುತ್ತೂರು, ಸುಳ್ಯ, ಕಡಬ ಸೀಮೆಯ ನಮ್ಮ ಮನೆಗಳಲ್ಲಿ ಬಂದವರ ಮುಂದೆ ಇಡುವ ಎಲೆಯಡಿಕೆಯ ಹರಿವಾಣದಲ್ಲಿರುವ ಹೊಗೆಸೊಪ್ಪನ್ನು ಕುರಿತು ನಾವು ಮೌನವಾಗಿದ್ದೇವೆ. ಅದರೊಳಗಿನ ನಿಕೋಟಿನ್ ಎಂಬ ವಿಷವು ಬಾಯಿಯ ತೆಳುಚರ್ಮದ ಮೂಲಕ ರಕ್ತವನ್ನು ಸೇರಿ ಮಿದುಳನ್ನು ಮುಟ್ಟುತ್ತದೆ. ರೂಢಿಯಾದವನು ಒಂದು ದಿವಸ ಬಿಟ್ಟರೂ ಸಿಡುಕು, ತಲೆನೋವು, ನಿದ್ರೆಗೇಡುಗಳಿಂದ ಕಂಗೆಟ್ಟು ಪುನಃ ಅದನ್ನೇ ಹುಡುಕುವನು. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ ತಳ್ಳಿಬಿಟ್ಟ ದಾಸತ್ವವು ಇಂಥದ್ದೇ.

ಹೊಗೆಸೊಪ್ಪಿಲ್ಲದ ಅಡಿಕೆಯಿಂದ ಕೇಡಿಲ್ಲವೆನ್ನುವವರಿದ್ದಾರೆ. ತೋಟದ ಕೂಲಿಯಿಂದಲೇ ಅನ್ನವುಣ್ಣುವ ಸಭೆಗಳಿಗೆ ಇದನ್ನು ಬರೆಯುವದು ನಮಗೆ ಸುಲಭವಲ್ಲ. ಆದರೂ ಅಡಿಕೆಯನ್ನು ಜಗಿಯುವದು ತಾನಾಗಿಯೇ ಅರ್ಬುದರೋಗಕ್ಕೆ ಕಾರಣವೆಂದು ಲೋಕಾರೋಗ್ಯ ಸಂಸ್ಥೆಯ ಪಂಡಿತರು 2004ರಲ್ಲಿ ಪ್ರಕಟಿಸಿದ್ದಾರೆ. 2013ರಲ್ಲಿ ನಮ್ಮ ಸರಕಾರವು ಗುಟ್ಕಾವನ್ನು ನಿಷೇಧಿಸಲು, ವರ್ತಕರು ಅಡಿಕೆಪುಡಿಯನ್ನೂ ಹೊಗೆಸೊಪ್ಪನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಮಾರತೊಡಗಿದರು, ಕೊಂಡವನೇ ಬೆರಸಿಕೊಳ್ಳುತ್ತಾನೆ.

ಅಜ್ಜಿಯು ತಾನು ಕುಟ್ಟಿದ್ದರಲ್ಲಿ ಚಿಟಿಕೆಯಷ್ಟನ್ನು ಮೊಮ್ಮಗನ ಬಾಯಿಗಿಡುವದು ಪ್ರೀತಿಯಿಂದಲೇ. ಅಮ್ಮಂದಿರೇ, ಆ ಕೈಯನ್ನು ಮೆಲ್ಲನೆ ಹಿಡಿಯಿರಿ. ಖಾರ ತಗಲಿದರೆ ಬಾಯಿ ಉರಿಯುವವರೂ, ಬಾಯಿ ಬಿಗಿದು ತುತ್ತು ಹೋಗದವರೂ, ಬಿಳಿ ಮಚ್ಚೆ ಕಂಡವರೂ ನಾಚಿಕೆಯಿಂದ ಅಡಗಿಸದೆ ಈ ವಾರವೇ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಲಿ.