ಹಳೇ ಗರಡಿಯ ಹಚ್ಚೆ, ಹೊಸ ಗರಡಿಯ ಹೊಸ್ತಿಲು

ನನ್ನ ಎಡ ಮುಂಗೈ ಮೇಲೆ ಒಂದು ಹುಲಿ ಇದೆ. ವೃತ್ತದೊಳಗೆ ಮೈ ಬಗ್ಗಿಸಿ ನಡೆಯುತ್ತಿರುವ ಶೋಟೋಕಾನ್ ಕರಾಟೆಯ ಹುಲಿ. ದಾವಣಗೆರೆಯಲ್ಲಿ ಹನ್ನೊಂದು ವರ್ಷ ಕಲಿತು, ಬ್ಲ್ಯಾಕ್ ಬೆಲ್ಟ್ ಕಟ್ಟಿದ ವಾರವೇ ಹಾಕಿಸಿಕೊಂಡದ್ದು. ಆಗ ವಯಸ್ಸು ಇಪ್ಪತ್ತೆರಡು. ಇನ್ನು ಬೇರೆ ವಿದ್ಯೆ ಮುಟ್ಟುವ ಮಾತೇ ಇಲ್ಲ ಎಂಬ ಹುಮ್ಮಸ್ಸು. ಹನ್ನೆರಡು ವರ್ಷ ಕಳೆದ ಮೇಲೆ ಬೆಂಗಳೂರಿನಲ್ಲಿ ಬ್ರೆಜಿಲಿಯನ್ ಜಿಯು-ಜಿತ್ಸು ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಡುವಾಗ, ಏಪ್ರಿಲ್ ಬಿಸಿಲಿನಲ್ಲೂ ತುಂಬುತೋಳಿನ ಸ್ವೆಟರ್ ತೊಟ್ಟು ನಿಂತಿದ್ದೆ. ಬಟ್ಟೆ ಬದಲಿಸುವಾಗ ಹುಲಿ ಹೇಗೂ ಕಂಡೇಬಿಟ್ಟಿತು.

"ಕರಾಟೆನಾ? ಎಷ್ಟು ವರ್ಷ?" ಅಂದರು ಕೋಚ್. ಹೇಳಿದೆ. "ಸರಿ. ಉಗುರು ಉದ್ದ ಇದೆಯಲ್ಲ, ಕತ್ತರಿಸಿಕೊಂಡು ಬನ್ನಿ. ನೇಲ್ ಕಟ್ಟರ್ ಆ ಡ್ರಾಯರ್‌ನಲ್ಲಿದೆ."

ಅಷ್ಟೇ. ಆದರೆ ಅದಕ್ಕೂ ಎರಡು ತಿಂಗಳ ಹಿಂದೆ ಇದೇ ಹುಲಿ ಇನ್ನೊಂದು ಕಡೆ ಬೇರೆಯೇ ಕಥೆ ಮಾಡಿತ್ತು. ಅದೂ ಶೋಟೋಕಾನ್ ಕ್ಲಾಸೇ. ನನ್ನ ಹಳೇ ಸಂಘಕ್ಕೂ ಅವರ ಸಂಘಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ ಎಂಬುದು ನನಗೆ ಗೊತ್ತಿರಲಿಲ್ಲ. ಮಾಸ್ಟರ್ ಇಪ್ಪತ್ತು ಮಕ್ಕಳ ಎದುರು ನನ್ನ ಕೈ ಎತ್ತಿ ಹಿಡಿದು "ಇದು ಯಾರ ಮನೆ ಹುಲಿ?" ಎಂದು ಕೇಳಿದರು. ಮಕ್ಕಳೆಲ್ಲ ನಕ್ಕರು. ಎರಡು ದಿನ ಹೋಗಿ ಬಿಟ್ಟೆ.

ಈಗ ನಮ್ಮ ಊರುಗಳಲ್ಲಿ ಕರಾಟೆ ಬಿಟ್ಟು ಮುಯ್ ಥಾಯ್‌ಗೆ, ಟೇಕ್ವಾಂಡೋ ಬಿಟ್ಟು ಕಳರಿಗೆ, ಜೂಡೋ ಬಿಟ್ಟು ಜಿಯು-ಜಿತ್ಸುಗೆ ಹೋಗುವವರು ಬಹಳ. ಬೆಲ್ಟ್ ಬಿಚ್ಚಿ ಬೀರುವಿನಲ್ಲಿಡಬಹುದು, ಹಚ್ಚೆಯನ್ನು ಬಿಚ್ಚಿಡಲಾಗುವುದಿಲ್ಲವಲ್ಲ. ಹಾಗಾಗಿ ನಾನು ಎಡವಿ ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲು, ಮೈಮೇಲೆ ಇರುವುದು ಏನೆಂದು ತಿಳಿದುಕೊಳ್ಳಿ

ಹಾಸ್ಯವಲ್ಲ. ತಮ್ಮ ಹಚ್ಚೆಯ ಅರ್ಥ ಸರಿಯಾಗಿ ಗೊತ್ತಿಲ್ಲದವರೇ ಹೆಚ್ಚು. ಹೊಸ ಗುರುಗಳು ಕೇಳಿದಾಗ ತಡವರಿಸುತ್ತಾರೆ.

ವಿದ್ಯೆಯ ಗುರುತು ಬೇರೆ, ಸಂಘದ ಲಾಂಛನ ಬೇರೆ. ಶೋಟೋಕಾನ್ ಹುಲಿಯನ್ನು ಬರೆದವರು ಕೊಸುಗಿ ಹೋಅನ್ ಎಂಬ ಚಿತ್ರಕಾರ. ಒಕಿನಾವಾದಿಂದ 1922ರಲ್ಲಿ ಟೋಕಿಯೋಗೆ ಬಂದ ಶೋಟೋಕಾನ್ ಸ್ಥಾಪಕ ಫುನಾಕೋಶಿ ಗಿಚಿನ್ ಅವರಿಗೆ ಪುಸ್ತಕ ಬರೆಯುವಂತೆ ದುಂಬಾಲು ಬಿದ್ದವರೂ ಅವರೇ. ಬಾಲದ ಬಳಿಯ ಪುಟ್ಟ ಅಕ್ಷರ ಆ ಚಿತ್ರಕಾರರ ರುಜು ಎನ್ನುತ್ತಾರೆ. ನನ್ನ ಕೈ ಮೇಲೆ ಅದು ಜಿರಳೆಯ ಹಾಗೆ ಮೂಡಿದೆ, ಅದು ಬೇರೆ ಮಾತು. ಈ ಹುಲಿಯನ್ನು ಹತ್ತಾರು ಸಂಘಗಳು ಬಳಸುತ್ತವೆ. ಆದರೆ ಹುಲಿಯ ಸುತ್ತ ನಿಮ್ಮ ಹಳೇ ಸಂಘದ ಹೆಸರನ್ನೂ ಬರೆಸಿಕೊಂಡಿದ್ದರೆ ಅದು ಕಲೆಯ ಗುರುತಾಗಿ ಉಳಿಯದೆ ಪಕ್ಷದ ಬಾವುಟವಾಗುತ್ತದೆ.

ಕ್ಯೋಕುಶಿನ್ ಕರಾಟೆಯವರ 'ಕಾಂಕು' ಕೂಡ ಹೀಗೇ. ಎರಡೂ ಕೈ ಮೇಲೆತ್ತಿ, ಬೆರಳುಗಳ ನಡುವಿನಿಂದ ಆಕಾಶ ನೋಡುವ ಕಟಾದಿಂದ (ಕ್ರಮಬದ್ಧ ಚಲನೆಗಳ ಅಭ್ಯಾಸ) ಬಂದ ಚಿಹ್ನೆ ಅದು. ತುದಿಗಳು ಬೆರಳು, ದಪ್ಪನೆಯ ಭಾಗ ಮಣಿಕಟ್ಟು. ಸ್ಥಾಪಕ ಮಾಸ್ ಓಯಾಮಾ 1994ರಲ್ಲಿ ತೀರಿಕೊಂಡ ಮೇಲೆ ಸಂಸ್ಥೆ ಹಲವು ಹೋಳಾಯಿತು. ಚಿಹ್ನೆಯನ್ನು ಮಾತ್ರ ಅನೇಕ ಬಣಗಳು ಇಟ್ಟುಕೊಂಡವು. ಅನುಭವದಿಂದ ಹೇಳುತ್ತೇನೆ, ಬೇರೆ ವಿದ್ಯೆಯ ಶಾಲೆಗೆ ಹೋದಾಗ ನಿಮ್ಮ ಹಚ್ಚೆಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅದೇ ವಿದ್ಯೆಯ ಇನ್ನೊಂದು ಬಣಕ್ಕೆ ಹೋದಾಗಲೇ ಇರಿಸುಮುರಿಸು. ದಾಯಾದಿ ಜಗಳ ಅಂದರೆ ಅದೇ ತಾನೆ.

ಜಪಾನಿ ಅಥವಾ ಚೀನೀ ಲಿಪಿಯಲ್ಲಿ ಬರೆಸಿಕೊಂಡಿದ್ದರೆ, ಆ ಲಿಪಿ ಓದಬಲ್ಲವರಿಗೆ ಒಮ್ಮೆ ತೋರಿಸಿ. ಅಕ್ಷರ ತಲೆಕೆಳಗಾಗಿರುವ ತೋಳುಗಳನ್ನು ನಾನೇ ನೋಡಿದ್ದೇನೆ. ಹೊಸ ಶಾಲೆಯಲ್ಲಿ ಬೇರೆಯವರು ಕಂಡುಹಿಡಿಯುವುದಕ್ಕಿಂತ ನಿಮಗೇ ಮೊದಲು ಗೊತ್ತಿದ್ದರೆ ನಗುವುದಾದರೂ ಸುಲಭ.

ಥಾಯ್ಲೆಂಡಿನ 'ಸಕ್ ಯಂತ್' ಇದ್ದರೆ ಮಾತ್ರ ಸ್ವಲ್ಪ ಎಚ್ಚರ ಬೇಕು. 'ಯಂತ್' ಅಂದರೆ ನಮ್ಮ 'ಯಂತ್ರ'ವೇ. ಹನುಮಂತ, ಹುಲಿ, ಮಂತ್ರಾಕ್ಷರಗಳ ಆ ಹಚ್ಚೆಯನ್ನು ಅಲ್ಲಿ ಭಿಕ್ಷುಗಳು ಅಥವಾ ಗುರುಗಳು ಮಂತ್ರಿಸಿ ಚುಚ್ಚುತ್ತಾರೆ. ನಖೋನ್ ಪಥೋಮ್ ಪ್ರಾಂತ್ಯದ ವಾಟ್ ಬಾಂಗ್ ಫ್ರಾ ದೇವಾಲಯ ಇದಕ್ಕೆ ಹೆಸರುವಾಸಿ. ಅದನ್ನು ಸೊಂಟದಿಂದ ಕೆಳಗೆ ಹಾಕಿಸಿಕೊಳ್ಳುವುದು ಅವರಿಗೆ ಒಪ್ಪಿತವಲ್ಲ. ಇಲ್ಲಿನ ಯಾವುದೋ ಪಾರ್ಲರಿನಲ್ಲಿ ಚಿತ್ರ ಚೆನ್ನಾಗಿದೆ ಎಂದು ಮೀನಖಂಡದ ಮೇಲೆ ಹಾಕಿಸಿಕೊಂಡಿದ್ದು, ನಿಮ್ಮ ಹೊಸ ಮುಯ್ ಥಾಯ್ ಗುರುಗಳು ಥಾಯ್ಲೆಂಡಿನವರಾಗಿದ್ದರೆ, ಮೊದಲ ದಿನವೇ ಹೋಗಿ "ತಿಳಿಯದೆ ಆಗಿದೆ" ಎಂದುಬಿಡಿ. ನಮ್ಮ ಗರಡಿಯವರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆಂಜನೇಯನ ಪಟಕ್ಕೆ ಕೈಮುಗಿದು ಮಣ್ಣಿಗಿಳಿಯುವ ಪೈಲ್ವಾನರ ಎದುರು ಕಾಲಿನ ಮೇಲೆ ಹನುಮಂತನನ್ನು ಇಟ್ಟುಕೊಂಡು ನಿಂತರೆ ಉಸ್ತಾದರು ಏನೂ ಅನ್ನದಿದ್ದರೂ ಅವರ ಮುಖವೇ ಹೇಳುತ್ತದೆ.

ಸೇರುವ ಮೊದಲೇ, ಫೋನಿನಲ್ಲೇ ಹೇಳಿ

ನಾನು ಮಾಡಿದ ದೊಡ್ಡ ತಪ್ಪು ಸ್ವೆಟರ್. ಮುಚ್ಚಿಟ್ಟದ್ದು ತಾನಾಗಿ ಕಂಡಾಗ ಅದಕ್ಕೆ ಇಲ್ಲದ ಬಣ್ಣ ಬರುತ್ತದೆ. ಫೀಸು, ಸಮಯ ವಿಚಾರಿಸಲು ಫೋನ್ ಮಾಡುತ್ತೀರಲ್ಲ, ಆಗಲೇ ಒಂದು ಮಾತು ಸೇರಿಸಿ: "ಸರ್, ಇಷ್ಟು ವರ್ಷ ಇಂಥ ಕಡೆ ಇಂಥದ್ದು ಕಲಿತಿದ್ದೀನಿ. ಅದರ ಹಚ್ಚೆ ಕೈ ಮೇಲಿದೆ. ನಿಮ್ಮಲ್ಲಿ ಮುಚ್ಚಿಕೊಂಡು ಬರಬೇಕಾ?" ಇಷ್ಟು ಸಾಕು. ಹಳೇ ಗುರುಗಳನ್ನು ಹೊಗಳುವುದೂ ಬೇಡ, ತೆಗಳುವುದೂ ಬೇಡ. ಅದರಲ್ಲೂ ತೆಗಳಿಕೆ. ಹಳೇ ಮಾಸ್ಟರನ್ನು ಬೈದು ಹೊಸ ಮಾಸ್ಟರ ಮನ ಗೆಲ್ಲಬಹುದು ಎಂದುಕೊಂಡವರನ್ನು ಯಾವ ಒಳ್ಳೆಯ ಗುರುವೂ ನಂಬುವುದಿಲ್ಲ. ನಾಳೆ ನಮ್ಮ ಸರದಿ ಎಂದು ಅವರಿಗೆ ಗೊತ್ತಿರುತ್ತದೆ.

"ಇಲ್ಲಿಗೆ ಬರಬೇಕಾದರೆ ಅದನ್ನು ಅಳಿಸಿಕೊಂಡು ಬಾ" ಎಂದು ಯಾರಾದರೂ ಅಂದರೆ ಬೇರೆ ಕ್ಲಾಸ್ ಹುಡುಕಿ. ಮುಚ್ಚಿಕೋ ಎನ್ನುವುದು ಅವರ ಶಿಸ್ತು, ಅದಕ್ಕೆ ತಲೆಬಾಗಬಹುದು. ಚರ್ಮ ಸುಡಿಸಿಕೋ ಎನ್ನುವುದು ಅಧಿಕಪ್ರಸಂಗ.

ಮೊದಲ ದಿನದ ಉಡುಪು

ಜಿಯು-ಜಿತ್ಸು, ಎಂಎಂಎ (ಮಿಶ್ರ ಸಮರಕಲೆ) ಕಡೆಗಳಲ್ಲಿ ತುಂಬುತೋಳಿನ, ಮೈಗಂಟುವ ರ‍್ಯಾಶ್‌ಗಾರ್ಡ್ ಹೇಗೂ ಬಹಳ ಜನ ತೊಡುತ್ತಾರೆ. ಅಲ್ಲಿ ಕೋಚ್‌ಗಳ ಮೈಮೇಲೇ ನಿಮಗಿಂತ ಹೆಚ್ಚು ಚಿತ್ರಗಳಿರುತ್ತವೆ. ಕರಾಟೆಯಲ್ಲಾದರೆ, ವಿಶ್ವ ಕರಾಟೆ ಒಕ್ಕೂಟದ ಸ್ಪರ್ಧಾ ನಿಯಮದಂತೆ ಅಂಗಿಯ ತೋಳು ಮುಂಗೈಯ ಅರ್ಧಭಾಗದವರೆಗಾದರೂ ಬರಬೇಕು, ಮಡಚುವಂತಿಲ್ಲ. ಹಾಗಾಗಿ ರಟ್ಟೆ, ಭುಜದ ಹಚ್ಚೆ ತಾನಾಗಿ ಮರೆಯಾಗುತ್ತದೆ, ಮಣಿಕಟ್ಟಿನದು ಕಾಣುತ್ತದೆ. ಕಳರಿಯಲ್ಲಿ ಮಾತ್ರ ಮರೆಮಾಚುವ ಪ್ರಶ್ನೆಯೇ ಇಲ್ಲ. ಸಾಂಪ್ರದಾಯಿಕವಾಗಿ ಗಂಡಸರು ಕಚ್ಚೆ ಕಟ್ಟಿ, ಬರಿಮೈಗೆ ಎಣ್ಣೆ ಹಚ್ಚಿ ಇಳಿಯುವ ಜಾಗ ಅದು. ಗುರುಕ್ಕಳಿಗೆ, ಅಂದರೆ ಅಲ್ಲಿನ ಗುರುಗಳಿಗೆ, ಮೊದಲೇ ಹೇಳುವುದೊಂದೇ ದಾರಿ.

ಜಪಾನಿ ಮೂಲದ ಶಾಲೆಗಳ ಹಿರಿಯರು ಹಚ್ಚೆ ಕಂಡರೆ ಮುಖ ಗಂಟಿಕ್ಕುವುದೇಕೆ ಎಂಬುದನ್ನೂ ತಿಳಿದಿರಿ. ಅಲ್ಲಿ 1872ರಲ್ಲಿ ಹಚ್ಚೆ ನಿಷೇಧವಾಗಿ 1948ರವರೆಗೂ ಹಾಗೇ ಇತ್ತು. ಆಮೇಲೂ ಮೈತುಂಬ ಹಚ್ಚೆ ಎಂದರೆ ಯಾಕುಜಾ ಭೂಗತ ತಂಡಗಳ ನೆನಪು. ಹಚ್ಚೆ ಇದ್ದವರನ್ನು ಬಿಸಿನೀರಿನ ಸಾರ್ವಜನಿಕ ಸ್ನಾನಗೃಹಗಳಿಗೆ ಬಿಡದ ಪದ್ಧತಿ ಇಂದಿಗೂ ಅನೇಕ ಕಡೆ ಇದೆ. ತರಬೇತಿ ಶಿಬಿರಕ್ಕೆಂದು ಜಪಾನಿಗೆ ಹೋಗುವವರು ಮುಚ್ಚುವ ಪಟ್ಟಿಗಳನ್ನು ಜತೆಗಿಟ್ಟುಕೊಂಡೇ ಹೊರಡಿ.

ವಿಚಿತ್ರವೆಂದರೆ, ಕರಾಟೆಯ ತವರಾದ ಒಕಿನಾವಾದಲ್ಲಿ ಹೆಂಗಸರ ಕೈಬೆರಳು, ಮುಂಗೈಗಳ ಮೇಲೆ ಹಚ್ಚೆ ಹಾಕುವುದು ಹಳೆಯ ಸಂಪ್ರದಾಯವಾಗಿತ್ತು. ಅದರ ಹೆಸರು 'ಹಜಿಚಿ'. ನಮ್ಮ 'ಹಚ್ಚೆ'ಯ ಹಾಗೇ ಕೇಳಿಸುತ್ತದೆ, ಹೋಲಿಕೆ ಆಕಸ್ಮಿಕವಷ್ಟೇ. ಜಪಾನ್ ಸರ್ಕಾರ 1899ರಲ್ಲಿ ಅದನ್ನೂ ನಿಷೇಧಿಸಿತು. ಜಾತ್ರೆಯಲ್ಲಿ ಕೊರವಂಜಿಯಿಂದ ಮುಂಗೈಗೆ ಹಚ್ಚೆ ಹಾಕಿಸಿಕೊಂಡಿದ್ದ ನಮ್ಮಜ್ಜಿ "ಸತ್ತ ಮೇಲೆ ಜತೆಗೆ ಬರೋದು ಇದೊಂದೇ ಕಣೋ" ಅನ್ನುತ್ತಿದ್ದಳು. ನನ್ನ ಹುಲಿಯನ್ನು ನೋಡಿ ಮಾತ್ರ "ಬೆಕ್ಕು ಯಾಕೆ ಹಾಕಿಸ್ಕೊಂಡೆ?" ಎಂದಳು.

ಹಸಿ ಹಚ್ಚೆಯಾದರೆ ಕಾಯಿರಿ

ಹಳೇ ಶಾಲೆ ಬಿಡುವಾಗ ನೆನಪಿಗೆಂದು ಹಚ್ಚೆ ಹಾಕಿಸಿಕೊಂಡು, ಮರುವಾರವೇ ಹೊಸ ಶಾಲೆ ಸೇರುವವರಿದ್ದಾರೆ. ಇದು ಬೇಡವೇ ಬೇಡ. ಹೊಸ ಹಚ್ಚೆ ಎಂದರೆ ತೆರೆದ ಗಾಯ. ಮೇಲ್ಚರ್ಮ ಕೂಡಿಕೊಳ್ಳಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಹಕ್ಕಳೆ ಪೂರ್ತಿ ಉದುರಿ, ಹೊಳಪು ಹೋಗಿ, ಮುಟ್ಟಿದರೆ ಪಕ್ಕದ ಚರ್ಮದಂತೆಯೇ ಅನಿಸುವವರೆಗೆ ಮ್ಯಾಟ್ ಮೇಲೆ ಹೊರಳಾಡಬೇಡಿ. ಹತ್ತಾರು ಜನರ ಬೆವರು ಬಿದ್ದ ಮ್ಯಾಟಿನಲ್ಲಿ ಹುಳುಕಡ್ಡಿಯಿಂದ ಹಿಡಿದು ಕೀವು ಕಟ್ಟಿಸುವ ಬ್ಯಾಕ್ಟೀರಿಯಾದವರೆಗೆ ಎಲ್ಲವೂ ಇರುತ್ತವೆ. ಪ್ಲಾಸ್ಟಿಕ್ ಸುತ್ತಿ, ಮೇಲೆ ಟೇಪ್ ಹಾಕಿ ಬಂದರೆ ಒಳಗೆ ಬೆವರು ನಿಂತು ಇನ್ನೂ ಕೆಡುಕು. ಆ ಮೂರು-ನಾಲ್ಕು ವಾರ ಬದಿಗೆ ಕೂತು ಕ್ಲಾಸ್ ನೋಡಿ. ಜ್ವರ, ಕೆಂಪು ಹರಡುವಿಕೆ, ಕೀವು ಕಂಡರೆ ಸೀದಾ ವೈದ್ಯರ ಬಳಿ ಹೋಗಿ.

ಬೆಲ್ಟ್, ಡಾನ್ ಬರೆಸಿಕೊಂಡವರು

ಪ್ರಾಣಿ, ಮುಷ್ಟಿ, ಹೂವು ಯಾರಿಗೂ ತೊಂದರೆಯಿಲ್ಲ. ಆದರೆ ಕಪ್ಪು ಬೆಲ್ಟಿನ ಚಿತ್ರ, '2ನೇ ಡಾನ್' (ಕಪ್ಪು ಬೆಲ್ಟಿನ ದರ್ಜೆ) ಎಂಬ ಬರಹ ಇದ್ದವರಿಗೆ ಕಷ್ಟ ಇದೆ. ಸೊಂಟದಲ್ಲಿ ಬಿಳಿ, ತೋಳಿನಲ್ಲಿ ಕಪ್ಪು! ಜತೆಗಿರುವ ಹುಡುಗರಿಗೆ ನಿಮ್ಮನ್ನು ಪರೀಕ್ಷಿಸುವ ಆಸೆ ಹುಟ್ಟುತ್ತದೆ. ಜಿಯು-ಜಿತ್ಸುನಲ್ಲಿ ಆರು ತಿಂಗಳು ಕಲಿತ ಕಾಲೇಜು ಹುಡುಗಿಯೊಬ್ಬಳು ಮೊದಲ ವಾರವೇ ನನ್ನ ಕತ್ತು ಹಿಡಿದು ನಾಲ್ಕು ಸಲ ಶರಣಾಗಿಸಿದಳು. ಹುಲಿ ಆ ಹೊತ್ತು ಅವಳ ಕಂಕುಳಲ್ಲಿತ್ತು.

ಬಿಳಿ ಬೆಲ್ಟ್ ಕೊಟ್ಟರೆ ಬಿಳಿ ಕಟ್ಟಿ. ಯಾರಾದರೂ ಕೇಳಿದರೆ "ಅದು ಅಲ್ಲಿಯದು, ಇಲ್ಲಿ ನಾನು ಹೊಸಬ" ಎನ್ನಿ. ಹೊಡೆತ, ಒದೆತ ಕಲಿಸುವಾಗ "ನಮ್ಮಲ್ಲಿ ಹೀಗೆ ಮಾಡ್ತಿದ್ವಿ" ಎಂಬ ಮಾತು ನಾಲಿಗೆ ತುದಿಗೆ ಬರುತ್ತದೆ, ನುಂಗಿ. ಹಚ್ಚೆಗಿಂತ ಈ ಮಾತೇ ಹೆಚ್ಚು ಜನರನ್ನು ಹೊಸ ಶಾಲೆಯಲ್ಲಿ ಒಂಟಿ ಮಾಡಿರುವುದನ್ನು ಕಂಡಿದ್ದೇನೆ.

ಅಳಿಸಬೇಕೆ?

ಮೊದಲ ಒಂದು ವರ್ಷ ಆ ಯೋಚನೆಯೇ ಬೇಡ. ಆಮೇಲೂ ಬೇಡವೆನಿಸಿದರೆ ಚರ್ಮರೋಗ ತಜ್ಞರನ್ನು ಕಾಣಿ, ಪಾರ್ಲರನ್ನಲ್ಲ. ಲೇಸರ್ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಆರರಿಂದ ಎಂಟು ವಾರಗಳ ಅಂತರದಲ್ಲಿ ಹಲವು ಸಲ ಹೋಗಬೇಕು. ಕಪ್ಪು ಮಸಿ ಬೇಗ ಮಾಸುತ್ತದೆ, ಹಸಿರು, ಹಳದಿ ಹಟ ಮಾಡುತ್ತವೆ. ನಮ್ಮಂಥ ಕಂದು ಚರ್ಮದಲ್ಲಿ ಬಿಳಿ ಅಥವಾ ಕಪ್ಪು ಕಲೆ ಉಳಿಯುವ ಸಾಧ್ಯತೆಯನ್ನು ಮೊದಲೇ ಕೇಳಿ ತಿಳಿಯಿರಿ. ಹಳೆಯದರ ಮೇಲೆ ದೊಡ್ಡ ಚಿತ್ರ ಬರೆಸುವುದು ಅಗ್ಗದ ದಾರಿ, ಆದರೆ ಹೊಸ ಶಾಲೆಯ ಲಾಂಛನವನ್ನೇ ಅಲ್ಲಿ ತುಂಬಿಸಲು ಹೊರಡಬೇಡಿ. ಮೂರನೇ ಶಾಲೆಗೆ ಹೋಗಬೇಕಾದೀತು.

ಸೇನೆ ಸೇರುವ ಆಸೆಯಿಂದ ಕರಾಟೆ, ಕುಸ್ತಿ ಕಲಿಯುತ್ತಿರುವ ಹುಡುಗರು ಇದನ್ನು ಗಮನವಿಟ್ಟು ಓದಿ. ಭಾರತೀಯ ಸೇನೆಯ ನೇಮಕಾತಿಯಲ್ಲಿ ಶಾಶ್ವತ ಹಚ್ಚೆಗೆ ಅವಕಾಶ ಇರುವುದು ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಬದಿಯಲ್ಲಿ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ. ಸಂಪ್ರದಾಯವಾಗಿ ಹಚ್ಚೆ ಹಾಕುವ ಬುಡಕಟ್ಟುಗಳವರಿಗೆ ವಿನಾಯಿತಿ ಇದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮುಂಗೈ ಹಚ್ಚೆಗೆ ಅವಕಾಶ ಎಡಗೈಯಲ್ಲಿ ಮಾತ್ರ, ಅಂದರೆ ಸಲ್ಯೂಟ್ ಹೊಡೆಯದ ಕೈಯಲ್ಲಿ. ಅಳತೆ ಆ ಭಾಗದ ಕಾಲುಭಾಗಕ್ಕಿಂತ ಕಡಿಮೆ ಇರಬೇಕು. ಎದೆಯ ಮೇಲೆ ಡ್ರ್ಯಾಗನ್ ಬರೆಸುವ ಮೊದಲು ಆ ವರ್ಷದ ಅಧಿಸೂಚನೆ ತೆಗೆದು ನೋಡಿ.

ಕೊನೆಗೆ ಕಲಿಸುವ ಮಾಸ್ಟರ್‌ಗಳಲ್ಲಿ, ಕೋಚ್‌ಗಳಲ್ಲಿ ಒಂದು ಕೋರಿಕೆ. ಹೊಸದಾಗಿ ಬಂದವರ ಮೈಮೇಲೆ ನಿಮಗಾಗದ ಸಂಘದ ಗುರುತು ಕಂಡರೆ, ದಯವಿಟ್ಟು ಕ್ಲಾಸ್ ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳಿ. ಮಕ್ಕಳ ಎದುರು ಕೈ ಎತ್ತಿ ಹಿಡಿಯಬೇಡಿ.